ಮೂಲಮೂರ್ತಿಯೋ ಉತ್ಸವಮೂರ್ತಿಯೋ: ಒಂದು ಸೂಪರ್‌ಹೀರೋ ಕಾರಿನ ಪ್ರಕರಣ

ಸೂಪರ್‌ಹೀರೋ ಸಿನಿಮಾಕ್ಕೆಂದೇ ಕಟ್ಟಿದ ಕಾರೊಂದನ್ನು ಅಮೆರಿಕದ ಮಧ್ಯಪಶ್ಚಿಮ ಭಾಗದ ಸಂಗ್ರಾಹಕರೊಬ್ಬರು ಕೊಂಡ ಪ್ರಕರಣ ಇದು. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ಸಿನಿಮಾ, ಕಾರಿನ ರೂಪ, ಕೈಬದಲಾದ ಹಣ ಎಲ್ಲವನ್ನೂ ಮರೆಸಿದ್ದೇನೆ. ಪರೀಕ್ಷೆ ನಡೆದ ಕ್ರಮ, ತೆಗೆದುಕೊಂಡ ತೀರ್ಮಾನಗಳು, ಅವುಗಳ ಹಿಂದಿನ ಕಾರಣಗಳು ಮಾತ್ರ ಇದ್ದಂತೆಯೇ ಇವೆ. ನನ್ನ ಕೆಲಸ ಫೈಬರ್‌ಗ್ಲಾಸ್ (ಗಾಜಿನ ನಾರಿಗೆ ರೆಸಿನ್ ಎಂಬ ಅಂಟುದ್ರವ ಸೇರಿಸಿ ಅಚ್ಚಿನಲ್ಲಿ ಗಟ್ಟಿ ಮಾಡಿದ್ದು) ಮತ್ತು ಕಾರ್ಬನ್ ಫೈಬರ್ ಭಾಗಗಳದ್ದು. ಆ ನಂಟಿನಿಂದಲೇ ಅವರು ನನ್ನನ್ನು ಕರೆದದ್ದು.

ಹಿನ್ನೆಲೆ

ಸಿನಿಮಾ ಕಾರುಗಳ ಸಂಗ್ರಹ ಬಲ್ಲವರೆಲ್ಲ 2013ರ ಜನವರಿಯ ಒಂದು ಹರಾಜನ್ನು ನೆನಪಿಟ್ಟಿದ್ದಾರೆ. ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ 1966ರ ‘ಬ್ಯಾಟ್‌ಮ್ಯಾನ್’ ಟಿವಿ ಸರಣಿಯಲ್ಲಿ ನಾಯಕ ಓಡಿಸುವ ಕಾರು, ಅಂದರೆ ಮೊದಲ ಬ್ಯಾಟ್‌ಮೊಬೈಲ್ 42 ಲಕ್ಷ ಡಾಲರಿಗೆ ಹೋಯಿತು. ಹರಾಜು ಸಂಸ್ಥೆಯ ಶುಲ್ಕ ಸೇರಿ 46 ಲಕ್ಷ 20 ಸಾವಿರ. ಆ ಕಾರಿನ ಮೂಲ, 1955ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಘಿಯಾ ಸಂಸ್ಥೆ ಕೈಯಿಂದ ಕಟ್ಟಿಕೊಟ್ಟ ಲಿಂಕನ್ ಫ್ಯೂಚುರಾ ಎಂಬ ಪ್ರದರ್ಶನದ ಕಾರು. ವರ್ಷಗಟ್ಟಲೆ ಬಿದ್ದಿದ್ದ ಅದನ್ನು, ಕಾರುಗಳ ರೂಪ ಬದಲಿಸುವ ಕೆಲಸದ ಜಾರ್ಜ್ ಬ್ಯಾರಿಸ್ ಕೆಲವೇ ವಾರಗಳಲ್ಲಿ ಬ್ಯಾಟ್‌ಮೊಬೈಲ್ ಆಗಿ ಮಾರ್ಪಡಿಸಿದರು. ಅದೇ ಬ್ಯಾರಿಸ್, ಊರೂರಿನ ಪ್ರದರ್ಶನಗಳಿಗೆಂದು ಫೋರ್ಡ್ ಗ್ಯಾಲಕ್ಸಿ ಕಾರಿನ ಚಾಸಿಸ್ (ಅಡಿಯ ಚೌಕಟ್ಟು) ಮೇಲೆ ಫೈಬರ್‌ಗ್ಲಾಸ್ ಪ್ರತಿಗಳನ್ನೂ ಮಾಡಿಸಿದ್ದರು. ಮಾಡಿಸಿದವರು ಅವರೇ, ರೂಪವೂ ಅದೇ. ಆದರೂ ಆ ಬೆಲೆ ಬಂದದ್ದು ಫ್ಯೂಚುರಾದ ಲೋಹದ ಮೈಗೆ.

ನಮ್ಮ ದೇವಸ್ಥಾನಗಳಲ್ಲಿ ಗರ್ಭಗುಡಿಯ ಮೂಲಮೂರ್ತಿ ಕದಲುವುದಿಲ್ಲ, ಬೀದಿಗೆ ಬರುವುದು ಉತ್ಸವಮೂರ್ತಿ. ಉತ್ಸವಮೂರ್ತಿ ಸುಳ್ಳಲ್ಲ, ಅದಕ್ಕೂ ಪೂಜೆಯಿದೆ, ಅದರದ್ದೇ ಕತೆಯಿದೆ. ಆದರೆ ಎರಡೂ ಒಂದೇ ಎಂದು ಯಾರೂ ಹೇಳುವುದಿಲ್ಲ. ಸಿನಿಮಾ ಕಾರುಗಳಲ್ಲಿ ಈ ವ್ಯತ್ಯಾಸವನ್ನು ಮಸುಕು ಮಾಡುವುದರಿಂದಲೇ ಹೆಚ್ಚಿನ ಜಗಳಗಳು ಹುಟ್ಟುತ್ತವೆ.

ಮಸುಕಾಗಲು ಕಾರಣವೂ ಇದೆ. ಒಂದು ಚಿತ್ರಕ್ಕೆ ಒಂದೇ ಕಾರು ಕಟ್ಟುವುದು ಅಪರೂಪ. ಹತ್ತಿರದ ಶಾಟ್‌ಗಳಿಗೆ ಒಳಗೂ ಹೊರಗೂ ಚೊಕ್ಕವಾಗಿರುವ ‘ಹೀರೋ’ ಕಾರು ಒಂದಾದರೆ, ಹಾರಿಸಲು ಗುದ್ದಿಸಲು ಸ್ಟಂಟ್ ಕಾರು ಇನ್ನೊಂದು. ಒಳಾಂಗಣದ ಶಾಟ್‌ಗಳಿಗೆ ಬರೀ ಮುಂಭಾಗ ಕಟ್ಟುವುದೂ ಉಂಟು. ಬಿಡುಗಡೆಯ ಹೊತ್ತಿಗೆ ಚಿತ್ರಮಂದಿರ, ಮೇಳಗಳಿಗೆ ಕಳಿಸಲು ಪ್ರಚಾರದ ಕಾರು ಬೇರೆ. 1989ರ ಬ್ಯಾಟ್‌ಮ್ಯಾನ್ ಚಿತ್ರಕ್ಕೆ ಆಂಟನ್ ಫರ್ಸ್ಟ್ ವಿನ್ಯಾಸಗೊಳಿಸಿದ ಕಾರನ್ನು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಶೆವ್ರೊಲೆ ಇಂಪಾಲಾದ ಚಾಸಿಸ್ ಬಳಸಿ ಕಟ್ಟಿದರು. 2005ರ ಬ್ಯಾಟ್‌ಮ್ಯಾನ್ ಚಿತ್ರದ ‘ಟಂಬ್ಲರ್’ ಎಂಬ ಕಾರಿಗೆ 5.7 ಲೀಟರಿನ ಶೆವ್ರೊಲೆ ವಿ8 ಎಂಜಿನ್, ಸುಮಾರು ಎರಡೂವರೆ ಟನ್ ತೂಕ. ನಿಜವಾಗಿ ಓಡುವ, ಹಾರುವ ಕಾರೇ ಬೇಕೆಂದು ಅದನ್ನು ಒಂದಲ್ಲ, ಹಲವು ಕಟ್ಟಿದರು. ಹಾಗಾಗಿ ‘ಈ ಸಿನಿಮಾಕ್ಕೆ ಮಾಡಿದ್ದು’ ಎಂಬ ಮಾತು ನಿಜವಾಗಿದ್ದರೂ, ಕೊಳ್ಳುವವರಿಗೆ ಬೇಕಾದ ಉತ್ತರ ಅದರಲ್ಲಿರುವುದಿಲ್ಲ.

ನಮ್ಮ ಸಂಗ್ರಾಹಕರು ಒಂದು ಕಾಲಕ್ಕೆ ಯಂತ್ರಭಾಗಗಳ ಕಾರ್ಖಾನೆ ನಡೆಸಿದವರು. ಅದನ್ನು ಮಾರಿದ ಮೇಲೆ ಶಿರಸ್ತ್ರಾಣ, ಕೈಗವಸು, ಆಯುಧಗಳಂಥ ಸಣ್ಣ ವಸ್ತುಗಳಿಂದ ಶುರುಮಾಡಿ, ಕೊನೆಗೆ ಎಳೆಯ ವಯಸ್ಸಿನ ಮಗನೊಂದಿಗೆ ನೋಡಿದ ಒಂದು ಚಿತ್ರದ ಕಾರಿನ ಬೆನ್ನು ಹತ್ತಿದ್ದರು. ಆ ಚಿತ್ರ 1990ರ ದಶಕದ್ದು. ಹೆದ್ದಾರಿಯ ಪಕ್ಕದ ಒಂದು ಖಾಸಗಿ ಪ್ರದರ್ಶನಾಲಯ ಮುಚ್ಚಿ, ಅದರ ವಾರಸುದಾರರು ಒಬ್ಬ ದಲ್ಲಾಳಿಯ ಮೂಲಕ ಕಾರನ್ನು ಮಾರಾಟಕ್ಕಿಟ್ಟರು.

ಪ್ರದರ್ಶನಾಲಯ ಮುಚ್ಚುವಾಗ ಕಾರುಗಳಿಗೆ ಗಿರಾಕಿ ಸಿಗುತ್ತಾರೆ, ಕಡತಗಳಿಗೆ ಸಿಗುವುದಿಲ್ಲ. ಇಂಗ್ಲೆಂಡಿನ ಕೆಸ್ವಿಕ್‌ನಲ್ಲಿದ್ದ ಕಾರ್ಸ್ ಆಫ್ ದಿ ಸ್ಟಾರ್ಸ್ ಸಂಗ್ರಹಾಲಯ 2011ರಲ್ಲಿ ಮುಚ್ಚಿದಾಗ ಅದರ ಸಂಗ್ರಹ ಮಯಾಮಿಗೆ ಹೋಯಿತು. ಅಂಥ ದೊಡ್ಡ ಸಂಗ್ರಹ ಒಟ್ಟಾಗಿ ಹೋದರೆ ಪೂರ್ವಾಪರವೂ ಜೊತೆಗೆ ಹೋಗುವ ಸಾಧ್ಯತೆಯಿದೆ. ಸಣ್ಣ ಪ್ರದರ್ಶನಾಲಯಗಳಲ್ಲಿ ಮಾಲೀಕರ ನೆನಪೇ ಕಡತ. ಇಲ್ಲಿ ಆ ಮಾಲೀಕರು ತೀರಿಕೊಂಡಿದ್ದರು.

ತಗ್ಗಿನ ಸಾಕ್ಷ್ಯ

ದಲ್ಲಾಳಿ ಕೊಟ್ಟ ಕಾಗದಗಳು ಮೂರು: ಸ್ಟುಡಿಯೋದ ಪತ್ರವೊಂದರ ಜೆರಾಕ್ಸ್, ಕಾರಿನ ಪಕ್ಕ ನಟ ನಿಂತಿರುವ ಫೋಟೋ, ಪ್ರದರ್ಶನಾಲಯದ ಮಾಲೀಕರ ಹೆಸರಿನ ಕ್ರಯಪತ್ರ. ನೋಂದಣಿ ಪತ್ರ ಇರಲಿಲ್ಲ. ಸಿನಿಮಾ ಕಾರುಗಳಲ್ಲಿ ಇದು ಸಾಮಾನ್ಯ, ಏಕೆಂದರೆ ಅವನ್ನು ರಸ್ತೆಗೆಂದು ಕಟ್ಟಿರುವುದಿಲ್ಲ. ಅಡಿಯ ಚಾಸಿಸ್ ಕೊಟ್ಟ ಹಳೆಯ ಕಾರಿನ ಗುರುತಿನ ಸಂಖ್ಯೆ ಎಷ್ಟೋ ಸಲ ಕಟ್ಟುವಾಗಲೇ ಕತ್ತರಿಸಿ ಹೋಗಿರುತ್ತದೆ.

ಸಂಗ್ರಾಹಕರ ಮನಸ್ಸನ್ನು ಗೆದ್ದದ್ದು ಈ ಕಾಗದಗಳಲ್ಲ. ಎಡಗಡೆ ಹಿಂಬದಿಯ ಮಡ್‌ಗಾರ್ಡಿನ ಮೇಲೆ ಅಂಗೈಯಗಲದ ಆಳವಿಲ್ಲದ ಒಂದು ತಗ್ಗಿತ್ತು. ಸಿನಿಮಾದಲ್ಲಿ ಕಾರು ನಿಂತಿರುವ ರಾತ್ರಿ ದೃಶ್ಯವೊಂದರಲ್ಲಿ, ದೀಪದ ಪ್ರತಿಬಿಂಬ ಅದೇ ಜಾಗದಲ್ಲಿ ಅದೇ ರೀತಿ ಸೊಟ್ಟಗಾಗುತ್ತದೆ. ದಲ್ಲಾಳಿ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ‘ಚಿತ್ರೀಕರಣದಲ್ಲಿ ಬಿದ್ದ ಪೆಟ್ಟು’ ಎಂದು ಬರೆದಿದ್ದ. ಕೇಳಿದ ಬೆಲೆ ತೆರೆಯ ಮೇಲೆ ಬಂದ ಕಾರಿನದ್ದು. ಇನ್ನೊಬ್ಬರು ಕಾಯುತ್ತಿದ್ದಾರೆ, ವಾರದೊಳಗೆ ಮರಳಿಸಲಾಗದ ಮುಂಗಡ ಬೇಕು ಎಂಬ ಒತ್ತಾಯ ಬೇರೆ.

ಮುಂಗಡ ಕೊಡುತ್ತೇನೆ, ಆದರೆ ಅದು ವಕೀಲರ ಖಾತೆಯಲ್ಲಿರಬೇಕು, ಪರೀಕ್ಷೆಯಲ್ಲಿ ವಿವರಣೆ ತಪ್ಪೆಂದು ಕಂಡರೆ ಪೂರ್ತಿ ಮರಳಬೇಕು ಎಂದು ಸಂಗ್ರಾಹಕರು ಬರೆದು ಕಳಿಸಿದರು. ಇಡೀ ಪ್ರಕರಣದಲ್ಲಿ ಅವರನ್ನು ಕಾಪಾಡಿದ್ದು ಈ ಒಂದು ಪತ್ರ. ದಲ್ಲಾಳಿ ಗೊಣಗುತ್ತಲೇ ಒಪ್ಪಿದ.

ಪರೀಕ್ಷೆ

ತಗ್ಗಿನಿಂದಲೇ ಶುರುಮಾಡಿದೆ. ತಗಡಿನ ಕಾರಿಗೆ ಪೆಟ್ಟು ಬಿದ್ದರೆ ತಗ್ಗಾಗುತ್ತದೆ, ಲೋಹ ಬಾಗಿ ಹಾಗೇ ಉಳಿಯುತ್ತದೆ. ಫೈಬರ್‌ಗ್ಲಾಸ್ ಹಾಗೆ ಉಳಿಯುವುದಿಲ್ಲ. ಪೆಟ್ಟು ಸಣ್ಣದಾದರೆ ಅದು ಪುಟಿದು ಮೊದಲಿನಂತಾಗುತ್ತದೆ, ದೊಡ್ಡದಾದರೆ ಬಿರಿಯುತ್ತದೆ. ಬಿರಿದ ಜಾಗದಲ್ಲಿ ನಕ್ಷತ್ರದಂತೆ ಸಣ್ಣ ಸೀಳುಗಳು, ಒಳಮೈಯಲ್ಲಿ ಬಿಳಿಚಿದ ನಾರು ಕಾಣಲೇಬೇಕು. ಚಕ್ರ ಕಳಚಿ, ಮಡ್‌ಗಾರ್ಡಿನ ಒಳಗೆ ಕೈಹಾಕಿ ನೋಡಿದರೆ ಇವು ಯಾವುವೂ ಇಲ್ಲ. ನಾರಿನ ಪದರ ತಗ್ಗಿನ ಉದ್ದಕ್ಕೂ ಸರಾಗವಾಗಿ ಬಾಗಿಕೊಂಡು ಹೋಗಿದೆ, ದಪ್ಪವೂ ಸುತ್ತಲಿನಷ್ಟೇ ಇದೆ. ಅಂದರೆ ತಗ್ಗು ಈ ಕಾರಿಗೆ ಬಿದ್ದದ್ದಲ್ಲ, ಅಚ್ಚಿನಲ್ಲೇ ಇದ್ದದ್ದು. ಮೂಲ ಮಾದರಿಯನ್ನು ಉಜ್ಜಿ ನಯ ಮಾಡುವಾಗ ಯಾರದೋ ಕೈ ಒಂದಿಷ್ಟು ಹೆಚ್ಚು ಒತ್ತಿರಬಹುದು. ಆ ಅಚ್ಚಿನಿಂದ ಬಂದ ಎಲ್ಲ ಮೈಗಳಲ್ಲೂ ಅದೇ ತಗ್ಗು ಇರಬೇಕು.

ಇತ್ತು ಕೂಡ. ಅದೇ ಚಿತ್ರದ್ದೆಂದು ದಾಖಲಾಗಿರುವ ಇನ್ನೊಂದು ಕಾರಿನ ಫೋಟೋಗಳನ್ನು ತರಿಸಿ ನೋಡಿದೆವು. ಅದೇ ಜಾಗದಲ್ಲಿ ಪ್ರತಿಬಿಂಬ ಅದೇ ರೀತಿ ಸೊಟ್ಟಗಾಗುತ್ತಿತ್ತು.

ಪ್ರಕರಣ ತಿರುಗಿದ್ದು ಇಲ್ಲಿ. ಕಾರು ಸುಳ್ಳೆಂದು ಇದರಿಂದ ಹೇಳಲಾಗದು. ಸ್ಟುಡಿಯೋದ ಮೂಲ ಅಚ್ಚಿನಿಂದಲೇ ಬಂದಿರಲು ಸಾಧ್ಯವಿದೆ ಎಂಬುದಕ್ಕೆ ತಗ್ಗು ಬೆಂಬಲವಾಯಿತು. ಅದು ಕುಲವನ್ನು ಹೇಳಿತು, ವ್ಯಕ್ತಿಯನ್ನು ಹೇಳಲಿಲ್ಲ. ಕುಲದ ವಿಷಯದಲ್ಲೂ ಒಂದು ಎಚ್ಚರ ಬೇಕು: ಮೂಲ ಕಾರಿನ ಮೇಲೆಯೇ ಹೊಸ ಅಚ್ಚು ತೆಗೆದು ನಕಲು ಮಾಡಿದರೂ ತಗ್ಗು ಜೊತೆಗೇ ಬರುತ್ತದೆ. ಆದರೆ ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುವುದರಿಂದ, ನಕಲಿನ ನಕಲು ಮೂಲಕ್ಕಿಂತ ಒಂದಿಷ್ಟು ಚಿಕ್ಕದಾಗಿರುತ್ತದೆ. ಮೂಲ ಕಾರಿನ ರಿಪೇರಿಯ ತೇಪೆಗಳೂ ರಿವೆಟ್ ತಲೆಗಳೂ ಉಬ್ಬುಗಳಾಗಿ ಅದರಲ್ಲಿ ಅಚ್ಚಾಗಿರುತ್ತವೆ. ಆ ಇನ್ನೊಂದು ಕಾರಿನ ಅಳತೆಗಳೊಂದಿಗೆ ಹೋಲಿಸಿದಾಗ ನಮ್ಮ ಕಾರು ಕುಗ್ಗಿರಲಿಲ್ಲ, ಅಂಥ ಉಬ್ಬುಗಳೂ ಇರಲಿಲ್ಲ. ಕುಲ ಗಟ್ಟಿಯಾಯಿತು.

ವ್ಯಕ್ತಿಯನ್ನು ಗುರುತಿಸಲು ಅಚ್ಚಿನಿಂದ ಹೊರಬಂದ ಮೇಲೆ ಮೂಡಿದ ಗುರುತುಗಳು ಬೇಕು. ಕೈಯಲ್ಲಿ ಕೊರೆದ ತೂತು, ತಿರುಪುಗಳ ನಡುವಿನ ಅಂತರ, ಬಣ್ಣದ ಕುಂಚದ ಅಂಚು, ಗೀರು, ಇಂಥವು. ಅವನ್ನು ಚಿತ್ರದಲ್ಲಿ ಹುಡುಕುವುದು ಸುಲಭವಲ್ಲ. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಚಿತ್ರೀಕರಿಸುವಾಗ ಒಂದೊಂದು ಚೌಕಟ್ಟಿಗೂ ಬೆಳಕು ಬೀಳುವುದು ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಅಷ್ಟರಲ್ಲೇ ಸುಮಾರು 29 ಸೆಂ.ಮೀ. ಸರಿದಿರುತ್ತದೆ. ಕ್ಯಾಮೆರಾ ಜೊತೆಯಲ್ಲೇ ಚಲಿಸದಿದ್ದರೆ ತಿರುಪಿನ ತಲೆ ಕಾಣುವ ಮಾತೇ ಇಲ್ಲ. ಹಾಗಾಗಿ ಕಾರು ನಿಂತಿರುವ ದೃಶ್ಯಗಳು, ಬಾಗಿಲು ತೆರೆಯುವ ದೃಶ್ಯಗಳು, ಪ್ರಚಾರಕ್ಕೆ ತೆಗೆದ ಸ್ಥಿರಚಿತ್ರಗಳು ಇವನ್ನೇ ನೆಚ್ಚಬೇಕು. ಸಂಕಲನದಲ್ಲಿ ಕೆಲವು ಶಾಟ್‌ಗಳನ್ನು ಎಡಬಲ ಮಗುಚಿ ಬಳಸುವುದೂ ಉಂಟು. ಅಕ್ಷರವಿರುವ ಫಲಕವೋ ನಟನ ಕೈಗಡಿಯಾರವೋ ಕಾಣುವ ದೃಶ್ಯವಾದರೆ ಅದನ್ನು ಪತ್ತೆ ಹಚ್ಚಬಹುದು.

ಪಕ್ಕದ ಗಾಳಿಜಾಲರಿಯ ತಿರುಪುಗಳಲ್ಲಿ ಉತ್ತರ ಸಿಕ್ಕಿತು. ತೆರೆಯ ಮೇಲೆ ಕಾಣುವ ಜಾಲರಿಯಲ್ಲಿ ಅವುಗಳ ಅಂತರ ಏರುಪೇರು, ಒಂದಂತೂ ಅಂಚಿಗೆ ತಾಗುವಷ್ಟು ಕೆಳಗಿದೆ. ಅವಸರದಲ್ಲಿ ಕಣ್ಣಳತೆಯಿಂದ ಕೊರೆದ ಕೆಲಸ. ನಮ್ಮ ಕಾರಿನ ಜಾಲರಿಯಲ್ಲಿ ಅಳತೆಯಿಟ್ಟು ಕೊರೆದ ಸಮ ಅಂತರ, ಮುಚ್ಚಿದ ಹಳೆಯ ತೂತುಗಳಿಲ್ಲ. ತೆರೆಯ ಮೇಲಿನದ್ದು ಈ ಕಾರಲ್ಲ.

ಎಂಜಿನ್ ಮತ್ತು ಟೈರು ನೋಡಿ ಎಂದು ಎಲ್ಲರೂ ಹೇಳುತ್ತಾರೆ, ನೋಡಿದೆವು. ಶೆವ್ರೊಲೆ ವಿ8 ಬ್ಲಾಕಿನ ಹಿಂಬದಿಯ ಅಂಚಿನಲ್ಲಿ ಎರಕದ ದಿನಾಂಕ ಮೂಡಿರುತ್ತದೆ. ತಿಂಗಳಿಗೆ ‘ಎ’ಯಿಂದ ‘ಎಲ್’ವರೆಗೆ ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ದಿನ, ವರ್ಷ. ಇದರದ್ದು ಚಿತ್ರಕ್ಕಿಂತ ಹಳೆಯದು. ಆದರೆ ಸಿನಿಮಾ ಕಾರಿಗೆ ಹಳೆಯ ಎಂಜಿನ್ನೇ ಹಾಕುವುದರಿಂದ ಹಳೆಯ ದಿನಾಂಕ ಏನನ್ನೂ ಸಾಬೀತು ಮಾಡುವುದಿಲ್ಲ. ಚಿತ್ರದ ಆಮೇಲಿನದಾಗಿದ್ದರೆ ಎಂಜಿನ್ ಬದಲಾಗಿದೆ ಎಂದಾದರೂ ತಿಳಿಯುತ್ತಿತ್ತು. ಟೈರಿನ ಪಕ್ಕೆಯ ದಿನಾಂಕ ಸಂಕೇತ 2000ಕ್ಕೆ ಮೊದಲು ಮೂರಂಕಿ, ಆಮೇಲೆ ನಾಲ್ಕಂಕಿ. ಇದರದ್ದು ನಾಲ್ಕಂಕಿ. ಟೈರು ಸವೆಯುವ ವಸ್ತು, ಬದಲಾಗಿದೆ ಅಷ್ಟೇ.

ಹೆಚ್ಚು ಮಾತಾಡಿದ್ದು ಕಾರಿನ ಅಡಿಭಾಗ. ನಾಲ್ಕು ಮೂಲೆಯಲ್ಲೂ ಟ್ರೇಲರಿಗೆ ಕಟ್ಟುವ ದಪ್ಪ ಕೊಂಡಿಗಳು, ಅವುಗಳ ಒಳಬದಿ ಪಟ್ಟಿ ಉಜ್ಜಿ ಹೊಳಪಾಗಿತ್ತು. ಚಾಲಕನ ಮುಂದಿನ ಫಲಕದಲ್ಲಿ ದೀಪಗಳಿಗೆ ತೂತುಗಳಿದ್ದವು, ತಂತಿ ಎಳೆದ ಕುರುಹೇ ಇರಲಿಲ್ಲ. ಊರೂರು ಸುತ್ತಲು, ಹಗ್ಗದಾಚೆಯಿಂದ ಜನ ನೋಡಲು ಸ್ಟುಡಿಯೋ ಕಟ್ಟಿಸಿದ ಕಾರು ಇದು. ಸ್ಟುಡಿಯೋದ ಪತ್ರವನ್ನು ಮತ್ತೆ ಓದಿದಾಗ ಅದೂ ಹೀಗೆಯೇ ಹೇಳುತ್ತಿತ್ತು. ‘ಚಿತ್ರಕ್ಕಾಗಿ ತಯಾರಿಸಿದ್ದು’ ಎಂದಿತ್ತು, ‘ಚಿತ್ರದಲ್ಲಿ ಬಳಸಿದ್ದು’ ಎಂದಿರಲಿಲ್ಲ.

ಮೇಲ್ಮುಚ್ಚಳ

ಸಂಗ್ರಾಹಕರು ತುಂಬ ನೊಂದುಕೊಂಡರು. ದಲ್ಲಾಳಿ ಬೆಲೆ ಇಳಿಸಲು ಒಪ್ಪಲಿಲ್ಲ. ‘ಇದೆಲ್ಲ ನಿಮ್ಮ ಅಭಿಪ್ರಾಯ’ ಎಂದ. ಮುಂಗಡ ವಾಪಸು ಪಡೆದು ಸಂಗ್ರಾಹಕರು ಹಿಂದೆ ಸರಿದರು. ಅಷ್ಟು ವರ್ಷ ಹುಡುಕಿದ ವಸ್ತುವನ್ನು ಕಣ್ಣೆದುರೇ ಬಿಟ್ಟು ಬರುವುದಕ್ಕೆ ಗಟ್ಟಿ ಮನಸ್ಸು ಬೇಕು. ಅವರ ಮೇಲೆ ನನಗೆ ಗೌರವ ಹೆಚ್ಚಿದ್ದು ಅಂದು.

ಕೆಲವು ತಿಂಗಳ ಮೇಲೆ ವಾರಸುದಾರರು ದಲ್ಲಾಳಿಯನ್ನು ಬಿಟ್ಟು ತಾವೇ ಕರೆ ಮಾಡಿದರು. ಕಾಯುತ್ತಿದ್ದಾರೆಂದು ಹೇಳಿದ್ದ ಇನ್ನೊಬ್ಬ ಗಿರಾಕಿ ಬರಲೇ ಇಲ್ಲವಂತೆ. ಈ ನಡುವೆ ಸಂಗ್ರಾಹಕರು ಸುಮ್ಮನಿರಲಿಲ್ಲ. ಪ್ರಚಾರ ಪ್ರವಾಸದಲ್ಲಿ ಕಾರುಗಳನ್ನು ಸಾಗಿಸಿದ್ದ, ಈಗ ನಿವೃತ್ತರಾದ ಮೆಕ್ಯಾನಿಕ್ ಒಬ್ಬರನ್ನು ಪತ್ತೆ ಮಾಡಿದ್ದರು. ಪ್ರವಾಸದ ನಡುವೆ ಈ ಕಾರಿನ ಮೇಲ್ಮುಚ್ಚಳ ಬಿರಿದುಹೋಯಿತು, ಹೊಸದು ಮಾಡಿಸಲು ಸಮಯವಿರಲಿಲ್ಲ, ಚಿತ್ರೀಕರಣ ಮುಗಿಸಿ ಗೋದಾಮಿನಲ್ಲಿದ್ದ ಕಾರಿನ ಮುಚ್ಚಳವನ್ನೇ ತಂದು ಹಾಕಿದೆವು ಎಂದು ಅವರು ನೆನಪಿಸಿಕೊಂಡರು.

ಹಳಬರ ನೆನಪನ್ನು ನಾನು ಗೌರವಿಸುತ್ತೇನೆ. ಅದು ಎಲ್ಲಿ ನೋಡಬೇಕೆಂದು ಹೇಳುತ್ತದೆ, ನೋಡಿ ಖಚಿತಪಡಿಸಿಕೊಳ್ಳುವ ಕೆಲಸ ನಮ್ಮದು. ವಾರಸುದಾರರ ಒಪ್ಪಿಗೆಯಿಂದ ಮುಚ್ಚಳದ ಒಳಗಿನ ಬಟ್ಟೆಯ ಹೊದಿಕೆ ಬಿಚ್ಚಿದೆವು. ಒಳಮೈಗೆ ಬಣ್ಣ ಬಳಿದಿರಲಿಲ್ಲ. ಹಿಂಬದಿಯ ಅಂಚಿನಲ್ಲಿ ಬೇರೆ ಬಣ್ಣದ ರೆಸಿನ್ ತುಂಬಿ ಮುಚ್ಚಿದ ನಾಲ್ಕು ತೂತುಗಳು, ಒಂದೇ ಸಾಲಿನಲ್ಲಿಲ್ಲ, ಕೊನೆಯದು ವಾಲಿದೆ. ಚಿತ್ರೀಕರಣದ ವೇಳೆ ತೆಗೆದ ಒಂದು ಸ್ಥಿರಚಿತ್ರದಲ್ಲಿ ಮುಚ್ಚಳದ ಹಿಂದೆ ಕ್ಯಾಮೆರಾ ಹಿಡಿದಿಡುವ ಕಬ್ಬಿಣದ ಪಟ್ಟಿ ಕಾಣುತ್ತದೆ. ಅದರ ನಾಲ್ಕು ಬೋಲ್ಟುಗಳಲ್ಲಿ ಕೊನೆಯದು ಅಷ್ಟೇ ವಾಲಿದೆ. ಮುಚ್ಚಳದ ಅಗಲವನ್ನು ಅಳತೆಗೋಲಾಗಿಟ್ಟು ಲೆಕ್ಕ ಹಾಕಿದರೆ ತೂತುಗಳ ಜಾಗ ನಾಲ್ಕೂ ಕಡೆ ಕೂಡಿಬಂತು. ಇದು ಅಚ್ಚಿನ ಗುರುತಲ್ಲ, ಅಚ್ಚಿನಿಂದ ಬಂದ ಮೇಲೆ ಒಬ್ಬ ಮನುಷ್ಯ ಡ್ರಿಲ್ ಹಿಡಿದು ಕೊರೆದದ್ದು.

ಪ್ರಚಾರದ ಕಾರಿನ ಬೆಲೆಗೆ ಮುಚ್ಚಳದ ಲೆಕ್ಕದಲ್ಲಿ ಸ್ವಲ್ಪ ಸೇರಿಸಿ ವ್ಯವಹಾರ ಮುಗಿಯಿತು. ಕ್ರಯಪತ್ರದಲ್ಲಿ ಮೈ, ಚಾಸಿಸ್, ಮುಚ್ಚಳ ಮೂರಕ್ಕೂ ಬೇರೆ ಬೇರೆ ವಿವರಣೆ ಬರೆಸಿದರು. ಪರೀಕ್ಷೆಯ ಫೋಟೋಗಳನ್ನು ಅದಕ್ಕೇ ಲಗತ್ತಿಸಿದರು.

ರಿಪೇರಿಯ ತಕರಾರು

ನನ್ನ ಮಟ್ಟಿಗೆ ಪ್ರಕರಣದ ಅತಿ ಗಂಭೀರ ಘಟ್ಟ ಕೊಂಡ ಮೇಲಿನದು. ರಿಪೇರಿಗೆ ಬಂದ ಕಾರ್ಯಾಗಾರದವರು ಒಳ್ಳೆಯ ಕೆಲಸಗಾರರು. ಅವರ ಸಲಹೆ ಹೀಗಿತ್ತು: ಹೇಗೂ ಬಣ್ಣ ತೆಗೆಯುತ್ತೇವೆ, ಗಾಳಿಜಾಲರಿಯ ತಿರುಪುಗಳನ್ನೂ ತೆರೆಯ ಮೇಲಿರುವಂತೆ ಏರುಪೇರಾಗಿ ಮತ್ತೆ ಕೊರೆದರೆ ನೋಡಲು ‘ಸರಿಯಾಗುತ್ತದೆ’. ಸಂಗ್ರಾಹಕರು ಅರ್ಧ ಒಪ್ಪಿದ್ದರು. ಅವರಿಗೆ ಮೋಸದ ಉದ್ದೇಶ ಎಳ್ಳಷ್ಟೂ ಇರಲಿಲ್ಲ, ಚಿತ್ರದಲ್ಲಿ ಕಂಡಂತೆ ಕಾಣಬೇಕೆಂಬ ಪ್ರೀತಿ ಅಷ್ಟೇ.

ನಾನು ಬಲವಾಗಿ ವಿರೋಧಿಸಿದೆ. ಇಂದು ನಮಗೆ ಗೊತ್ತು, ಆದರೆ ಈ ಕಾರು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಮುಂದೆ ಯಾರೋ ಅದೇ ತಿರುಪುಗಳನ್ನು ಚಿತ್ರದೊಂದಿಗೆ ಹೋಲಿಸಿ ‘ಇದೇ ಆ ಕಾರು’ ಎನ್ನುತ್ತಾರೆ. ಆಗ ಅವರನ್ನು ತಡೆಯುವ ಸಾಕ್ಷ್ಯವನ್ನು ನಾವೇ ಅಳಿಸಿರುತ್ತೇವೆ. ನಿಜವಾದ ಕಾರಿಗೂ ಅದು ಅನ್ಯಾಯ. ಒಂದು ಸಂಜೆ ಪೂರ್ತಿ ವಾದ ನಡೆಯಿತು. ಕೊನೆಗೆ ಸಂಗ್ರಾಹಕರು ಜಾಲರಿ ಮುಟ್ಟಬೇಡಿ ಎಂದರು. ಟ್ರೇಲರಿನ ಕೊಂಡಿಗಳೂ ಉಳಿದವು. ಬಿರುಕುಗಳು ಬೆಳೆಯದಂತೆ ಒಳಗಿನಿಂದ ಪದರ ಕೊಟ್ಟೆವು. ಮುಚ್ಚಳ ಎತ್ತುವ ಹೈಡ್ರಾಲಿಕ್ ಕೊಳವೆಗಳನ್ನು ಬದಲಿಸಿ, ಹಳೆಯವನ್ನು ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಟ್ಟೆವು. ಟ್ಯಾಂಕಿನ ಹಳಸಿದ ಪೆಟ್ರೋಲ್ ತೆಗೆದೆವು. ಮುಚ್ಚಳದ ನಾಲ್ಕು ತೂತುಗಳ ಮೇಲೆ ಹೊದಿಕೆಯನ್ನು ಅಂಟಿಸಿಲ್ಲ, ಬಿಚ್ಚಿ ನೋಡಲು ಬರುವಂತೆ ಗುಂಡಿ ಹಾಕಿದ್ದೇವೆ.

ಈಗಿನ ಸ್ಥಿತಿ

ಕಾರು ಒಂದು ಸಂಗ್ರಹಾಲಯಕ್ಕೆ ಎರವಲು ಹೋಗಿ ಬಂದಿದೆ. ಫಲಕದಲ್ಲಿ ‘ಸ್ಟುಡಿಯೋ ತಯಾರಿಸಿದ ಪ್ರಚಾರ ವಾಹನ, ಮೇಲ್ಮುಚ್ಚಳ ಚಿತ್ರೀಕರಣದಲ್ಲಿ ಬಳಸಿದ್ದು’ ಎಂದಿತ್ತು. ಇದರಿಂದ ಜನ ಕಡಿಮೆಯಾಗಲಿಲ್ಲ. ಮುಚ್ಚಳದ ಕತೆ ಓದಿ ಬಗ್ಗಿ ನೋಡುವವರೇ ಹೆಚ್ಚಿದ್ದರೆಂದು ಅಲ್ಲಿನವರು ತಿಳಿಸಿದರು. ವಿಮೆಯವರಿಗೂ ಲಗತ್ತಿಸಿದ ಕ್ರಯಪತ್ರವೇ ಸಾಕಾಯಿತು. ಇಂಥ ಕಾರಿನ ಮೌಲ್ಯ ಕಟ್ಟುವಾಗ ಅವರಿಗೆ ಬೇಕಾದದ್ದು ‘ಅಸಲಿ’ ಎಂಬ ಒಂದು ಮಾತಲ್ಲ, ಯಾವ ಭಾಗ ಯಾವಾಗಿನದು ಎಂಬ ವಿವರ.

ಹೀಗೆ ಕೊಳ್ಳಹೊರಟವರು ನನ್ನನ್ನು ಕೇಳಿದರೆ ಈ ಪ್ರಕರಣದ ಒಂದು ಭಾಗವನ್ನೇ ಒತ್ತಿ ಹೇಳುತ್ತೇನೆ. ತೆರೆಯ ಚಿತ್ರಕ್ಕೆ ಹೋಲುವ ಗುರುತು ಸಿಕ್ಕ ಕೂಡಲೇ, ಅದು ಅಚ್ಚಿನಿಂದ ಬಂದದ್ದೋ ಆಮೇಲೆ ಕೈಯಿಂದ ಮೂಡಿದ್ದೋ ಎಂದು ಕೇಳಿ. ಮಾರುವವರು ಅದನ್ನು ಒಳಗಿನಿಂದ ನೋಡಲು ಬಿಡದಿದ್ದರೆ ಬೆಲೆಯ ಮಾತೇ ಎತ್ತಬೇಡಿ. ಗುರುತುಗಳನ್ನು ಹುಡುಕುವಷ್ಟೇ ಶ್ರದ್ಧೆಯಿಂದ, ಹೋಲದ ಗುರುತುಗಳನ್ನೂ ಹುಡುಕಿ. ಹೋಲುವವು ಹತ್ತಿದ್ದರೂ ವಿವರಿಸಲಾಗದ ಒಂದು ವ್ಯತ್ಯಾಸ ಉಳಿದರೆ ಅದೇ ಮುಖ್ಯ.

ಒಂದು ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಸಂಗ್ರಹಾಲಯದ ಫಲಕ ನೋಡಿ, ಚಿತ್ರೀಕರಣದ ಕಾರು ಇರುವ ಇನ್ನೊಬ್ಬ ಸಂಗ್ರಾಹಕರು ಸಂಪರ್ಕಿಸಿದರು. ಅವರ ಕಾರಿನ ಮೇಲಿರುವುದು ಆಮೇಲೆ ಮಾಡಿಸಿದ ಮುಚ್ಚಳ. ಮೂಲದ್ದು ತಮ್ಮ ಕಾರಿಗೆ ಸೇರಬೇಕು ಎಂಬುದು ಅವರ ವಾದ. ಪ್ರಚಾರ ಪ್ರವಾಸದಲ್ಲಿ ಸ್ಟುಡಿಯೋದ ಕೆಲಸಗಾರರೇ ಬದಲಿಸಿದ್ದರಿಂದ ಅದೂ ಈ ಕಾರಿನ ಇತಿಹಾಸವೇ ಎಂಬುದು ನಮ್ಮವರ ವಾದ. ನನಗೆ ಎರಡೂ ಸರಿಯೆನಿಸುತ್ತವೆ. ಮುಚ್ಚಳದ ಮೇಲೆ ಅಚ್ಚು ತೆಗೆದು ಇನ್ನೊಂದು ಮಾಡೋಣ ಎಂಬ ಮಾತೂ ಬಂತು. ಆದರೆ ಬ್ಯಾಟ್‌ಮೊಬೈಲ್ ಸ್ವತಃ ಕೃತಿಸ್ವಾಮ್ಯದ ರಕ್ಷಣೆಯುಳ್ಳ ಪಾತ್ರ ಎಂದು ಅಮೆರಿಕದ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ತೀರ್ಪಿತ್ತ ಮೇಲೆ, ಇಂಥ ಪ್ರತಿ ಮಾಡುವ ಮೊದಲು ಹಕ್ಕುದಾರರ ಒಪ್ಪಿಗೆ ಕೇಳುವುದೇ ಕ್ಷೇಮ ಎಂದು ವಕೀಲರು ಹೇಳಿದರು. ಹಕ್ಕುದಾರರಿಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಸದ್ಯಕ್ಕೆ ಇಬ್ಬರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದಾರೆ: ಯಾರು ಯಾವಾಗ ಮಾರಿದರೂ ಮೊದಲು ಇನ್ನೊಬ್ಬರಿಗೆ ತಿಳಿಸಬೇಕು, ಅಲ್ಲಿಯವರೆಗೆ ಎರಡೂ ಕಾರುಗಳ ಕಡತಗಳ ಒಂದೊಂದು ಪ್ರತಿ ಇಬ್ಬರ ಬಳಿಯೂ ಇರಬೇಕು.